ಗ್ರೀನ್ ರೂಮಿನ ಬಾಗಿಲಿಗೆ ಚಿಲಕ ಬೇಕು: ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರಿಗೆ ನಮಸ್ಕಾರಗಳು.

ನಾನು ಡಾನ್ಸರ್. ಬೆಂಗಳೂರಿನ ಕ್ಲಬ್, ಪಬ್‌ಗಳಲ್ಲಿ ಶೋ ಮಾಡುತ್ತೇನೆ. ಬುಕ್ಕಿಂಗ್ ಬಂದರೆ ಹೊರಗಿನ ರೆಸಾರ್ಟ್, ಕಂಪನಿ ಪಾರ್ಟಿ, ಮದುವೆ ಮನೆಗಳಿಗೂ ಹೋಗುತ್ತೇನೆ. ಮನೆ ಬಾಡಿಗೆ, ತಂಗಿಯ ಕಾಲೇಜು ಫೀ ಎಲ್ಲವೂ ಇದೇ ದುಡಿಮೆಯಿಂದ ನಡೆಯುತ್ತಿದೆ.

ಗೊತ್ತಿರುವ ಜಾಗದಲ್ಲಿ ನಮಗೆ ಅಷ್ಟು ಭಯವಿಲ್ಲ. ಬೌನ್ಸರ್ ಅಣ್ಣನ ಪರಿಚಯ ಇರುತ್ತದೆ, ಹಿಂಬಾಗಿಲು ಎಲ್ಲಿದೆ ಅಂತ ಗೊತ್ತಿರುತ್ತದೆ. ಯಾವ ಟೇಬಲ್ ಕಡೆ ಹೋಗಬಾರದು ಅಂತ ಡಿಜೆ ಕಣ್ಸನ್ನೆಯಲ್ಲೇ ಹೇಳುತ್ತಾನೆ. ಕಷ್ಟ ಇರುವುದು ಹೊಸ ಜಾಗದಲ್ಲಿ. ಬುಕ್ಕಿಂಗ್ ಕೊಡಿಸುವ ಕೋಆರ್ಡಿನೇಟರ್ ವಾಟ್ಸಾಪ್‌ನಲ್ಲಿ ಲೊಕೇಶನ್ ಕಳಿಸಿ ಸ್ವಲ್ಪ ಅಡ್ವಾನ್ಸ್ ಹಾಕುತ್ತಾರೆ. ಅವರಿಗೆ ಕೆಲಸ ಕೊಟ್ಟವರು ಇನ್ನೊಬ್ಬರು, ಅವರಿಗೆ ಮತ್ತೊಬ್ಬರು. ಜಾಗ ಯಾರದು, ಪಾರ್ಟಿ ಯಾರದು ಅಂತ ಗಾಡಿಯಿಂದ ಇಳಿಯುವವರೆಗೂ ಗೊತ್ತಾಗುವುದಿಲ್ಲ.

ಒಂದು ಫಾರ್ಮ್‌ಹೌಸ್‌ನಲ್ಲಿ ಬಟ್ಟೆ ಬದಲಿಸಲು ನಮಗೆ ಸಾಮಾನು ತುಂಬಿದ ಕೋಣೆ ಕೊಟ್ಟರು. ಅದಕ್ಕೆ ಚಿಲಕ ಇರಲಿಲ್ಲ. ಒಬ್ಬಳು ಬದಲಿಸುವಾಗ ಇನ್ನೊಬ್ಬಳು ಬಾಗಿಲಿಗೆ ಬೆನ್ನು ಕೊಟ್ಟು ನಿಂತೆವು. ಶೋ ಮುಗಿದ ಮೇಲೆ, ಉಳಿದ ಪೇಮೆಂಟ್ ಬೇಕಾದರೆ ಗೆಸ್ಟ್‌ಗಳ ಜೊತೆ ಸ್ವಲ್ಪ ಹೊತ್ತು ಕೂತು ಹೋಗಿ ಎಂದರು. ನಾವು ಒಪ್ಪಲಿಲ್ಲ. ಪೇಮೆಂಟ್ ಬರಲಿಲ್ಲ. ವಾಪಸ್ ಬಿಡಬೇಕಿದ್ದ ಗಾಡಿಯೂ ಬರಲಿಲ್ಲ. ಇಂಥದ್ದು ನನಗೊಬ್ಬಳಿಗೆ ಆಗಿದ್ದಲ್ಲ. ನಮ್ಮ ಹುಡುಗಿಯರನ್ನು ಯಾರನ್ನು ಕೇಳಿದರೂ ಒಂದು ಕಥೆ ಇರುತ್ತದೆ.

ನಮ್ಮ ಎಚ್ಚರ ನಮಗಿದೆ. ಒಬ್ಬಳೇ ಹೋಗುವುದಿಲ್ಲ. ಗಾಡಿ ನಂಬರಿನ ಫೋಟೋ ಮನೆಗೆ ಕಳಿಸುತ್ತೇವೆ. ಲೈವ್ ಲೊಕೇಶನ್ ಹಾಕಿಡುತ್ತೇವೆ, ನೀರಿನ ಬಾಟಲ್ ನಮ್ಮದೇ ಒಯ್ಯುತ್ತೇವೆ. ಆದರೆ ಚಿಲಕ ಹಾಕಿಸಬೇಕಾದವರು ಜಾಗದ ಮಾಲೀಕರು ಅಲ್ವಾ?

ನಮ್ಮ ಕುಣಿತದ ಬಗ್ಗೆ ಸರ್ಕಾರಗಳು ಕಾನೂನು ಮಾಡಿಲ್ಲ ಅಂತಲ್ಲ. ಮಹಾರಾಷ್ಟ್ರದಲ್ಲಿ 2005ರಲ್ಲಿ ಡಾನ್ಸ್ ಬಾರ್‌ಗಳನ್ನೇ ಮುಚ್ಚಿಸಿದರು. ಸುಪ್ರೀಂ ಕೋರ್ಟ್ 2013ರಲ್ಲಿ ಆ ನಿಷೇಧ ತಪ್ಪು ಎಂದಿತು. ಆರ್ಕೆಸ್ಟ್ರಾ ಬಾರಿನ ಸ್ಟೇಜ್ ಮೇಲೆ ಇಷ್ಟೇ ಹೆಂಗಸರು ಇರಬೇಕು ಎಂಬ ಷರತ್ತನ್ನು 2022ರಲ್ಲಿ ರದ್ದು ಮಾಡಿತು. ನಮ್ಮ ಬೆಂಗಳೂರಿಗೂ 2005ರ ಲೈಸೆನ್ಸ್ ಆದೇಶವಿದೆ. ಲೈವ್ ಬ್ಯಾಂಡ್, ಡಿಸ್ಕೋಥೆಕ್‌ಗಳು ಅದರಡಿ ಪೊಲೀಸರಿಂದ ಲೈಸೆನ್ಸ್ ಪಡೆಯಬೇಕು. ಅದನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿಯಿತು. ಅಂದರೆ ಷರತ್ತು ಹಾಕುವ ಅಧಿಕಾರ ಸರ್ಕಾರದ ಕೈಯಲ್ಲಿದೆ. ಇಷ್ಟು ವರ್ಷದ ಚರ್ಚೆಯಲ್ಲಿ ಜಾಸ್ತಿ ಕೇಳಿದ್ದು ನಾವು ಕುಣಿಯಬಹುದಾ, ಎಷ್ಟು ಜನ ಕುಣಿಯಬಹುದು ಅಂತ. ಕುಣಿದವಳು ಮನೆಗೆ ಹೇಗೆ ಹೋಗುತ್ತಾಳೆ ಅಂತಲೂ ಕೇಳಬೇಕು.

ಬೆಂಗಳೂರಿನಲ್ಲಿ ಬಾರ್‌ಗಳು ರಾತ್ರಿ ಒಂದು ಗಂಟೆವರೆಗೆ ತೆರೆದಿರಬಹುದು ಎಂದು 2024ರಲ್ಲಿ ಸರ್ಕಾರವೇ ಹೇಳಿತು. ಆ ಹೊತ್ತಿಗೆ ಮೆಟ್ರೋ ಇರುವುದಿಲ್ಲ. ಐಟಿ ಕಂಪನಿಯಲ್ಲಿ ರಾತ್ರಿ ಪಾಳಿ ಮಾಡುವ ಹೆಣ್ಣುಮಕ್ಕಳನ್ನು ಕ್ಯಾಬ್ ಮನೆ ಬಾಗಿಲಿಗೆ ಬಿಡುತ್ತದೆ. ಒಳ್ಳೆಯದೇ. ಅದೇ ಹೊತ್ತಿಗೆ ಕೆಲಸ ಮುಗಿಸುವ ನಮಗೂ ಅದು ಸಿಗಬೇಕು.

ಇನ್ನು ನೇರವಾಗಿ ನಿಮ್ಮ ಇಲಾಖೆಯ ವಿಷಯ. ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆಯಲು 2013ರ ಕಾಯ್ದೆ ಇದೆ. ಹತ್ತಕ್ಕಿಂತ ಕಡಿಮೆ ಜನ ಕೆಲಸ ಮಾಡುವ ಕಡೆ ಕಿರುಕುಳವಾದರೆ, ಅಥವಾ ಮಾಲೀಕನೇ ಕಿರುಕುಳ ಕೊಟ್ಟರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಕೆಲಸದ ಮೇಲೆ ಹೋಗುವ ಹೊರಗಿನ ಜಾಗವೂ, ಮಾಲೀಕರು ಕಳಿಸುವ ಗಾಡಿಯೂ ಕಾಯ್ದೆಯ ಪ್ರಕಾರ ಕೆಲಸದ ಜಾಗವೇ. ಒಂದೇ ರಾತ್ರಿಯ ಶೋ ಮಾಡುವ ನಮಗೆ ಇದಕ್ಕಿಂತ ಹತ್ತಿರದ ಕಾನೂನು ಇನ್ನೊಂದಿಲ್ಲ. ಆದರೆ ಸಮಿತಿಯ ಹೆಸರು ಕೇಳಿದ ಒಬ್ಬ ಡಾನ್ಸರನ್ನೂ ನಾನು ನೋಡಿಲ್ಲ. ದೂರು ಕೊಡಲು ಸಾಮಾನ್ಯವಾಗಿ ಮೂರೇ ತಿಂಗಳ ಗಡುವು. ಸಮಿತಿ ಎಲ್ಲಿದೆ, ಯಾರಿದ್ದಾರೆ ಅಂತ ಹುಡುಕುವುದರಲ್ಲೇ ಅದು ಕಳೆದುಹೋಗುತ್ತದೆ. ಬೇರೆ ಜಿಲ್ಲೆಯಲ್ಲಿ ಶೋ ಆಗಿದ್ದರೆ ಮತ್ತೆ ಅಲ್ಲಿಗೇ ಓಡಾಡಬೇಕೇನೋ ಎಂಬ ಭಯದಲ್ಲಿ ಎಷ್ಟೋ ಜನ ಸುಮ್ನೆ ಬಿಟ್ಟುಬಿಡುತ್ತಾರೆ.

2016ರ ಡಿಸೆಂಬರ್‌ನಲ್ಲಿ ಪಂಜಾಬಿನ ಬಠಿಂಡಾ ಜಿಲ್ಲೆಯ ಒಂದು ಮದುವೆಯಲ್ಲಿ ಸಂಭ್ರಮಕ್ಕೆ ಹಾರಿಸಿದ ಗುಂಡು ಬಡಿದು ಡಾನ್ಸರ್ ಒಬ್ಬಳು ಸ್ಟೇಜ್ ಮೇಲೆಯೇ ಸತ್ತಳು. ನಮ್ಮ ಮನೆಯವರಿಗೂ ಅದು ಗೊತ್ತು. ನಾವು ಹೊರಟಾಗಲೆಲ್ಲ ಅವರ ಮುಖದಲ್ಲಿ ಆ ಆತಂಕ ಕಾಣುತ್ತದೆ.

ಆದ್ದರಿಂದ ನಾಲ್ಕು ಬೇಡಿಕೆ. ಡಾನ್ಸರ್‌ಗಳನ್ನು ಕರೆಸುವ ಪ್ರತಿ ಜಾಗದಲ್ಲೂ ಒಳಗಿನಿಂದ ಚಿಲಕ ಹಾಕಬಹುದಾದ ಕೋಣೆ ಇರಬೇಕು. ಆ ಕೋಣೆಯ ಗೋಡೆ ಮೇಲೆ ಸ್ಥಳೀಯ ಸಮಿತಿಯ ಫೋನ್ ನಂಬರ್ ಕನ್ನಡದಲ್ಲಿ ಇರಬೇಕು. ಬುಕ್ಕಿಂಗ್ ಬಾಯಿಮಾತಲ್ಲಿ ಮುಗಿಯಬಾರದು: ಜಾಗದ ವಿಳಾಸ, ಹೊಣೆಗಾರರ ಹೆಸರು, ಹಣ ಎಷ್ಟು, ವಾಪಸ್ ಬಿಡುವುದು ಯಾರು ಎಂಬುದು ಒಂದು ಹಾಳೆಯಲ್ಲಿ ಬರೆದಿರಬೇಕು. ಲಿಖಿತ ಒಪ್ಪಂದ ಮಾಡಿ ಹಣವನ್ನು ಬ್ಯಾಂಕ್ ಖಾತೆಗೆ ಹಾಕುವ ಷರತ್ತನ್ನು 2019ರಲ್ಲಿ ಮಹಾರಾಷ್ಟ್ರದ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಉಳಿಸಿಕೊಂಡಿದೆ, ಹಾಗಾಗಿ ಇದು ಆಗದ ಮಾತಲ್ಲ. ಕೊನೆಯದಾಗಿ, ಶೋ ಯಾವ ಜಿಲ್ಲೆಯಲ್ಲಾದರೂ ನಾವಿರುವ ಜಿಲ್ಲೆಯ ಸಮಿತಿಯೇ ದೂರು ಪಡೆದು ಅಲ್ಲಿಗೆ ಕಳಿಸಬೇಕು. 2024ರ ಜುಲೈನಿಂದ ಜಾರಿಯಲ್ಲಿರುವ ಹೊಸ ಕ್ರಿಮಿನಲ್ ಕಾನೂನಿನ ಪ್ರಕಾರ, ಅಪರಾಧ ಎಲ್ಲೇ ಆಗಿದ್ದರೂ ಯಾವ ಠಾಣೆಯಲ್ಲಾದರೂ ಎಫ್‌ಐಆರ್ ಮಾಡಿಸಬಹುದು. ಇಲ್ಲೂ ಹಾಗೆಯೇ ಮಾಡಿ.

ಇಂಥ ಷರತ್ತು ಹಾಕಬೇಕಾದ ಲೈಸೆನ್ಸ್ ಪೊಲೀಸರ ಕೈಯಲ್ಲಿದೆ, ಹಾಗಾಗಿ ಗೃಹ ಇಲಾಖೆಗೆ ನೀವು ಬರೆಯಬೇಕಾಗುತ್ತದೆ. ಸಮಿತಿಯ ನಂಬರ್ ಅಂಟಿಸಲು ಅಷ್ಟು ಕಾಯಬೇಕಿಲ್ಲ, ಜಿಲ್ಲಾಧಿಕಾರಿಗಳಿಗೆ ಒಂದು ಸುತ್ತೋಲೆ ಸಾಕು. ಡಿಸೆಂಬರ್ 31ರ ರಾತ್ರಿಯ ಬುಕ್ಕಿಂಗ್‌ಗಳು ಒಂದೆರಡು ತಿಂಗಳು ಮೊದಲೇ ಶುರುವಾಗುತ್ತವೆ. ಆ ರಾತ್ರಿ ನಮ್ಮಲ್ಲಿ ಜಾಸ್ತಿ ಜನ ಹೋಗುವುದು ಗುರುತಿಲ್ಲದ ಜಾಗಗಳಿಗೇ. ದಯವಿಟ್ಟು ಅದಕ್ಕೆ ಮೊದಲು ಸುತ್ತೋಲೆ ಹೊರಡಿಸಿ.

ಇಂತಿ,
ಬೆಂಗಳೂರಿನ ಒಬ್ಬಳು ಡಾನ್ಸರ್