ಕೋನ್ ಫಿಲ್ಟರ್ ಕೆಲಸದ ಹೊಸ ರೇಟ್ ಬಗ್ಗೆ ನಮ್ಮ ಗಿರಾಕಿಗಳಿಗೆ

ಎಲ್ಲಾರಿಗೂ ನಮಸ್ಕಾರ್ರಿ,

ಮುಂದಿನ ತಿಂಗಳ ಒಂದನೇ ತಾರೀಖಿನಿಂದ ಅಂಬಾಸಡರ್, ಪದ್ಮಿನಿ, ಹೆರಾಲ್ಡ್ ಯಾವ ಹಳೇ ಗಾಡಿನ ಇರ್ಲಿ, ಬರೇ ಏರ್ ಫಿಲ್ಟರ್ ಅಷ್ಟ ಕೂಡಿಸಿ ಕೊಡೂದನ್ನ ಬಂದ್ ಮಾಡಾಕತ್ತೀವಿ. ಹೊರಗಿನ ಕೋನ್ ಫಿಲ್ಟರ್ (ಶಂಕು ಆಕಾರದ್ದು) ಅಥವಾ ಪ್ಯಾನ್‌ಕೇಕ್ ಫಿಲ್ಟರ್ (ಚಪ್ಪಟೆ ದುಂಡಂದು) ಹಾಕಿಸ್ಬೇಕಂದ್ರ ಅದರ ಜೋಡಿ ಕಾರ್ಬೊರೇಟರ್ (ಗಾಳಿ, ಪೆಟ್ರೋಲ್ ಕೂಡಿಸೂ ಭಾಗ) ಸೆಟ್ಟಿಂಗ್, ಬ್ರೀದರ್ ಪೈಪ್ (ಇಂಜಿನ್ ಒಳಗಿನ ಹಬಿ ಹೊರಗ ಬಿಡೂದು), ಪ್ಲಗ್ ಚೆಕ್, ರೋಡ್ ಟ್ರಯಲ್ ಎಲ್ಲಾ ಸೇರೇ ಕೆಲಸ ತಗೋತೀವಿ. ಗಾಡಿ ಒಂದು ರಾತ್ರಿ ನಮ್ಮಲ್ಲೇ ಇರ್ಬೇಕು. ಲೇಬರ್ 2,800 ರೂಪಾಯಿ, ಕಾರ್ಬೊರೇಟರ್ ಒಳಗಿನ ನೀಡಲ್ (ಸೂಜಿ) ಇಲ್ಲಾ ಜೆಟ್ (ಪೆಟ್ರೋಲ್ ಬರೋ ತೂತು) ಬದಲಿ ಮಾಡಿದ್ರ ಅದರ ರೊಕ್ಕ ಬ್ಯಾರೆ. ಹಿಂದಿನ ರೇಟಿಗಿಂತ ಇದು ಭಾಳ ಹೆಚ್ಚು ಅಂತ ನಮಗೂ ಗೊತ್ತೈತಿ, ಅದಕ್ಕ ಮೊದಲ ಕ್ಷಮಾ ಕೇಳ್ತೀವಿ.

ಈ ಸುದ್ದಿ ಬಾಯಿಂದ ಬಾಯಿಗೆ ಹೋದಾಗಿನಿಂದ ಒಂದೇ ಮಾತು ಫೋನಿನ್ಯಾಗ, ಅಂಗಡಿ ಮುಂದ, ಮದುವಿ ಮನ್ಯಾಗ ಸಹಿತ ಕೇಳಾಕತ್ತೀವಿ: ಒಂದು ಕ್ಲಿಪ್ ಟೈಟ್ ಮಾಡೂ ಹತ್ತು ನಿಮಿಷದ ಕೆಲಸಕ್ಕ ಇಷ್ಟು ರೊಕ್ಕ ಏನ್ರಿ, ಅದೂ ಗಾಡಿ ಬಿಟ್ಟು ಹೋಗ್ಬೇಕು ಬ್ಯಾರೆ. ಇದಕ್ಕ ಪೂರ್ತಿ ಉತ್ತರ ಬರದ ಬಿಡ್ತೀನಿ.

ಅಂಬಾಸಡರ್‌ದಾಗಿನ ಎಸ್‌ಯು ಕಂಪನಿ ಕಾರ್ಬೊರೇಟರ್ ತಗೋರಿ. ಇಂಜಿನ್ ಗಾಳಿ ಎಳದಂಗ ಕಾರ್ಬೊರೇಟರ್ ಒಳಗಿನ ಪಿಸ್ಟನ್ (ಇಂಜಿನ್ ಪಿಸ್ಟನ್ ಅಲ್ಲ) ಮ್ಯಾಲ ಏಳ್ತೈತಿ, ಅದಕ್ಕ ಸಿಗಿಸಿದ ನೀಡಲ್ ಜೆಟ್ಟಿನಿಂದ ಮ್ಯಾಲ ಬಂದಷ್ಟು ಪೆಟ್ರೋಲ್ ಹೆಚ್ಚು ಬರ್ತೈತಿ. ಕಂಪನಿ ಕೊಟ್ಟ ಆಯಿಲ್ ಬಾತ್ ಏರ್ ಕ್ಲೀನರ್ (ತಳದಾಗಿನ ಆಯಿಲ್‌ದಾಗ ಧೂಳು ಹಿಡಿಯೂ ಡಬ್ಬಿ) ಗಾಳಿಗೆ ಒಂದೀಟು ತಡಿ ಹಾಕ್ತಿತ್ತು, ಆ ತಡಿ ಲೆಕ್ಕಾ ಹಿಡಿದ ಅವ್ರು ನೀಡಲ್ ಆರಿಸಿದ್ದು. ಆ ಡಬ್ಬಿ ತಗದು ಕೋನ್ ಹಾಕಿದ್ರ ಗಾಳಿ ಸರಳ ಬರ್ತೈತಿ, ಜೆಟ್ ಮ್ಯಾಲಿನ ಎಳತ ಕಮ್ಮಿ ಆಗ್ತೈತಿ, ಮಿಕ್ಸ್ಚರ್ ಲೀನ್ ಆತು, ಅಂದ್ರ ಗಾಳಿ ಹೆಚ್ಚು, ಪೆಟ್ರೋಲ್ ಕಮ್ಮಿ. ಪ್ಲಗ್ ಬೆಳ್ಳಗ ಸುಟ್ಟಂಗ ಕಾಣ್ತೈತಿ, ಏರಿನ್ಯಾಗ ಇಂಜಿನ್ ಟಣಟಣ ಹೊಡೀತೈತಿ, ಮೊದಲಿಗಿಂತ ಬಿಸಿ ಆಗ್ತೈತಿ. ಮತ್ತ ಈಗ ಬಂಕಿನ್ಯಾಗ ಸಿಗೂದು ಶೇ 20 ಎಥನಾಲ್ ಇರೋ ಇ20, ಅದೂ ಮಿಕ್ಸ್ಚರನ್ನ ಲೀನ್ ಕಡೆನ ಜಗ್ಗತೈತಿ. ಎರಡೂ ಕೂಡಿದ್ರ ಎಕ್ಝಾಸ್ಟ್ ವಾಲ್ವ್ ಸುಡಾಕ ಭಾಳ ದಿನ ಬೇಕಾಗಂಗಿಲ್ಲ.

ಕೆಳಗಿನ ಜೆಟ್ ನಟ್ ತಿರುವಿದ್ರ ಮುಗೀತಲ್ಲಾ ಅಂತೀರಿ. ತಿರುವ್ತೀವ್ರಿ, ಒಂದು ಸಲಕ್ಕ ಒಂದು ಫ್ಲ್ಯಾಟ್, ಅಂದ್ರ ಸುತ್ತಿನ ಆರನೇ ಒಂದು ಪಾಲು. ಆಮ್ಯಾಲ ಪಿಸ್ಟನ್ನನ್ನ 0.8 ಮಿಲಿಮೀಟರ್ ಅಷ್ಟ ಎತ್ತಿ ಇಂಜಿನ್ ಕೇಳ್ತೀವಿ: ಸ್ಪೀಡ್ ಏರಿ ಅಲ್ಲೇ ನಿಂತ್ರ ರಿಚ್ (ಪೆಟ್ರೋಲ್ ಹೆಚ್ಚು), ಒಂದು ಕ್ಷಣ ಏರಿ ಇಳದ್ರ ಸರಿ, ಬಂದ್ ಬೀಳಾಕ ಹತ್ತಿದ್ರ ಲೀನ್. ಆದ್ರ ನಟ್ ತಿರುವಿದ್ರ ಐಡ್ಲಿಂಗಿಂದ ಹಿಡದು ಫುಲ್ ರೇಸ್ ತನಕ ಎಲ್ಲಾ ಕಡೆ ಏಕದಂ ಬದಲಾಗ್ತೈತಿ, ಐಡ್ಲಿಂಗ್ ಸರಿ ಮಾಡಿದ್ರ ಹೈವೇದಾಗ ಲೀನ್, ಹೈವೇಕ್ಕ ಸರಿ ಮಾಡಿದ್ರ ಸಿಗ್ನಲ್‌ದಾಗ ಕರೀ ಹೊಗಿ. ಅಲ್ಲಿ ನೀಡಲ್ಲೇ ಬದಲಿ ಮಾಡ್ಬೇಕು. ನೀಡಲ್ ದಪ್ಪ ಪ್ರತಿ 1/8 ಇಂಚಿಗೊಮ್ಮೆ ಅಳೀತಾರ, ಒಂದಕ್ಕೂ ಇನ್ನೊಂದಕ್ಕೂ ಫರಕ್ ಇಂಚಿನ ಸಾವಿರದ ಲೆಕ್ಕದಾಗ ಇರ್ತೈತಿ, ಕಣ್ಣಿಲೆ ಕಾಣಂಗಿಲ್ಲ. ಪದ್ಮಿನಿಯ ಸೋಲೆಕ್ಸ್ ಕಾರ್ಬೊರೇಟರಿಗೆ ನೀಡಲ್ ಅಲ್ಲ, ಮೇನ್ ಜೆಟ್ ಬದಲಿ ಮಾಡ್ಬೇಕು. ಅದರ ಮ್ಯಾಲ 120 ಅಂತ ಇದ್ರ ತೂತು 1.20 ಮಿಲಿಮೀಟರ್. ಕೆಲವ್ರು ತಂತಿ ಹಾಕಿ ತೂತು ದೊಡ್ಡದು ಮಾಡ್ತಾರ, ನಮ್ಮಲ್ಲಿ ಆ ಕೆಲಸ ಆಗಂಗಿಲ್ಲ.

ಇನ್ನ ಕೂಡಿಸೂ ಮಾತು. ಎಸ್‌ಯು ಎಚ್‌ಎಸ್ ಮಾಡೆಲ್ಲಿನ ಬಾಯಿ ಫ್ಲೇಂಜ್ (ಫಿಲ್ಟರ್ ಕೂಡೂ ಅಂಚು) ಮ್ಯಾಲ ಸಣ್ಣ ಗಾಳಿ ತೂತು ಅದಾವ, ಪಿಸ್ಟನ್ ಕೆಳಗ ಗಾಳಿ ಹೋಗೂದು ಅಲ್ಲಿಂದನ. ಫಿಲ್ಟರ್ ಮತ್ತ ಫ್ಲೇಂಜ್ ನಡುವಿನ ಪ್ಯಾಕಿಂಗ್ ತಲಿಕೆಳಗ ಹಾಕಿದ್ರ ಆ ತೂತು ಮುಚ್ಚತಾವ, ಪಿಸ್ಟನ್ ಪೂರ್ತಿ ಏಳಂಗಿಲ್ಲ. ಗದಗ ಕಡಿಂದ ಒಂದು ಅಂಬಾಸಡರ್ ಹಿಂಗ ಬಂದಿತ್ತು, ಫಿಲ್ಟರ್ ಬ್ಯಾರೆ ಕಡೆ ಹಾಕಿಸಿದ್ದು, 50ರ ಮ್ಯಾಲ ಓಡವಲ್ದು, ಮಾಲಕರು ಪಂಪ್ ಬದಲಿ ಮಾಡಿಸಿ, ಪಾಯಿಂಟ್ ಬದಲಿ ಮಾಡಿಸಿ, ಕಡೀಕ ಇಂಜಿನ್ನ ಇಳಿಸೂ ವಿಚಾರದಾಗಿದ್ರು. ಪ್ಯಾಕಿಂಗ್ ತಿರುವಿ ಹಾಕಿದ್ವಿ, ಗಾಡಿ ಓಡ್ತು. ಪ್ಯಾನ್‌ಕೇಕ್ ಆದ್ರ ಅದರ ಮುಚ್ಚಳ ಕಾರ್ಬೊರೇಟರ್ ಬಾಯಿಗೆ ಭಾಳ ಹತ್ರ ಬಂದ್ರೂ ಉಸಿರು ಕಟ್ಟತೈತಿ. ಟ್ಯಾಪೆಟ್ ಕವರಿನಿಂದ ಏರ್ ಕ್ಲೀನರಿಗೆ ಬರೋ ಬ್ರೀದರ್ ಪೈಪನ್ನ ಹಂಗ ಬಾಯಿ ತೆರದು ಬಿಟ್ಟಿದ್ದಂತೂ ದಿನಾ ನೋಡ್ತೀವಿ, ಬಾನೆಟ್ ತುಂಬ ಆಯಿಲ್ ಮತ್ತ ಧೂಳಿನ ರಾಡಿ.

ರಾತ್ರಿ ಯಾಕ ಇಟ್ಕೋತೀವಿ ಅಂದ್ರ, ಬಿಸಿ ಇಂಜಿನ್ ಸೆಟ್ಟಿಂಗಿನ ತಪ್ಪೆಲ್ಲಾ ಮುಚ್ಚಿಡ್ತೈತಿ. ಮುಂಜಾನೆ ತಣ್ಣಗಿದ್ದಾಗ ಚೋಕ್ ಎಳದು ಸ್ಟಾರ್ಟ್ ಮಾಡಿ ನೋಡದ ಸೆಟ್ಟಿಂಗ್ ಮುಗದಂಗಲ್ಲ.

ರೊಕ್ಕದ ಮಾತಿಗೆ ಬರ್ತೀನಿ, ಇದರಾಗ ನಮಗ ಬ್ಯಾಸರ ಐತಿ. ಗಾಡಿ ಪಾರ್ಟ್ಸ್ ಮ್ಯಾಲಿನ ಜಿಎಸ್‌ಟಿ 2025ರ ಸಪ್ಟೆಂಬರ್ 22ಕ್ಕ 28ರಿಂದ 18ಕ್ಕ ಇಳೀತು, ಇವ್ರು ಮಾತ್ರ ಏರಿಸ್ಯಾರ ಅಂತ ಮಾತಾಡಾಕತ್ತಾರ. ಇಳದದ್ದು ಪಾರ್ಟ್ಸಿಗೆ, ಇಳದಷ್ಟೂ ಬಿಲ್ಲಿನ್ಯಾಗ ಇಳಿಸಿ ಕೊಟ್ಟೀವಿ, ಹಳೇ ಬಿಲ್ ಹೊಸ ಬಿಲ್ ಮಗ್ಗಲಕ ಇಟ್ಟು ನೋಡ್ರಿ. ಲೇಬರ್ ಮ್ಯಾಲ ಮೊದಲೂ 18, ಈಗೂ 18. ಎಸ್‌ಯು ನೀಡಲ್ ನಾವು ತರಿಸೂದು ಇಂಗ್ಲೆಂಡಿನ ಸಾಲ್ಸ್‌ಬರಿಯಿಂದ, ಬೆಂಕಿಕಡ್ಡಿಗಿಂತ ಸಣ್ಣ ಸಾಮಾನು, ಕೊರಿಯರ್ ಮತ್ತ ಕಸ್ಟಮ್ಸ್ ಸಾಮಾನಿಗಿಂತ ಹೆಚ್ಚು. ನಿಮ್ಮ ಗಾಡಿಗೆ ಯಾವುದು ಕೂಡ್ತೈತಿ ಮೊದಲ ಗೊತ್ತಿರಂಗಿಲ್ಲ, ಅದಕ್ಕ ನಾಕೈದು ನಮೂನಿ ನಮ್ಮ ರೊಕ್ಕದಾಗ ತರಿಸಿ ಇಟ್ಕೋತೀವಿ. ಫಿಲ್ಟರ್ ಆನ್‌ಲೈನ್‌ದಾಗ ಸೋವಿ ಸಿಕ್ರ ಅಲ್ಲೇ ತಗೊಂಡ್ ಬರ್ರಿ, ನಮಗೇನೂ ಸಿಟ್ಟಿಲ್ಲ, ಅಳತಿ ಕೂಡಿದ್ರ ಅದನ್ನ ಹಾಕ್ತೀವಿ.

ಇನ್ನೊಂದು ಮಾತು ನಮ್ಮ ಧಂದೆಕ್ಕ ಲುಕ್ಸಾನ್ ಆದ್ರೂ ಹೇಳ್ತೀನಿ. ನವಲಗುಂದ, ರೋಣ ಕಡೆ ಎರಿ ಹೊಲದ ದಾರಿಗೆ ದಿನಾ ಗಾಡಿ ಒಯ್ಯೋರು ಕೋನ್ ಹಾಕಿಸಬ್ಯಾಡ್ರಿ. ಬ್ಯಾಸಗಿ ಧೂಳಿಗೆ ಆ ಹಳೇ ಆಯಿಲ್ ಬಾತ್ ಡಬ್ಬಿನ ಗಟ್ಟಿ, ತೊಳದು ಹೊಸ ಆಯಿಲ್ ಗೆರಿ ತನಕ ಹಾಕಿದ್ರ ಮುಗೀತು. ಧೂಳು ಒಳಗ ಹೋತಂದ್ರ ರಿಂಗು, ಬೋರು ತಿಂದು ಹಾಕ್ತೈತಿ. ಕೋನ್ ಹಾಕಿದ್ರ ಸೌಂಡ್ ಚೆಂದ ಬರ್ತೈತಿ ಖರೆ, ಬ್ಯಾರೇನೂ ಬದಲಿ ಮಾಡದ ಇಂಜಿನ್‌ದಾಗ ಪವರ್ ಹೇಳ್ಕೊಳ್ಳುವಂಥಾದ್ದು ಏನೂ ಬರಂಗಿಲ್ಲ. ಬಾನೆಟ್ ಒಳಗಿನ ಬಿಸಿ ಗಾಳಿನ ಅದು ಎಳೀತೈತಿ.

ಈಗಾಗಲೇ ಹೆಸರು ಬರಸಿದವರಿಗೆಲ್ಲಾ ಹಳೇ ರೇಟೇ, ಅದರಾಗ ಎರಡು ಮಾತಿಲ್ಲ. ನಮ್ಮಲ್ಲೇ ಮೊದಲ ಕೋನ್ ಹಾಕಿಸಿದವ್ರು ದೀಪಾವಳಿ ಒಳಗ ಒಂದು ಸಲ ಬರ್ರಿ, ಪ್ಲಗ್ ತಗದು ಬಣ್ಣ ನೋಡಿ ಸೆಟ್ಟಿಂಗ್ ಪುಕ್ಕಟೆ ಚೆಕ್ ಮಾಡಿ ಕೊಡ್ತೀವಿ. ಬಿಚ್ಚಿದ ಹಳೇ ಏರ್ ಕ್ಲೀನರ್ ಗುಜರಿಗೆ ಹಾಕಬ್ಯಾಡ್ರಿ, ಮನ್ಯಾಗ ಜಾಗಾ ಇಲ್ಲಂದ್ರ ಗಾಡಿ ನಂಬರ್ ಬರದು ನಮ್ಮ ಅಟ್ಟದ ಮ್ಯಾಲ ಇಡ್ತೀವಿ, ಬೇಕಂದಾಗ ಒಯ್ಯಾಕ ಬರ್ತೈತಿ. ಏನರ ಕೇಳೂದಿದ್ರ ಸಂಜಿ ಐದರ ಮ್ಯಾಲ ಬರ್ರಿ, ಆಗ ಕೈ ಖಾಲಿ ಇರ್ತಾವ, ಕುಂತು ಮಾತಾಡೂಣು.

ನಿಮ್ಮ ಗ್ಯಾರೇಜಿನವ್ರು,
ಗೋಕುಲ ರೋಡ್, ಹುಬ್ಬಳ್ಳಿ