ಭಾನುವಾರದ ಸಿನಿಮಾ: ರೊಬೇರ್ ಬ್ರೆಸ್ಸೋನ್

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 5ಕ್ಕೆ ಎಂದಿನ ಜಾಗದಲ್ಲೇ ಫ್ರೆಂಚ್ ನಿರ್ದೇಶಕ ಬ್ರೆಸ್ಸೋನ್ ಅವರ ‘ಎ ಮ್ಯಾನ್ ಎಸ್ಕೇಪ್ಡ್’ (1956) ನೋಡೋಣ. ನಾಜಿಗಳ ಜೈಲಿನಿಂದ ಕೈದಿಯೊಬ್ಬ ತಪ್ಪಿಸಿಕೊಳ್ಳುವ ಕಥೆ. 1957ರಲ್ಲಿ ಕಾನ್ ಚಿತ್ರೋತ್ಸವದ ನಿರ್ದೇಶಕ ಪ್ರಶಸ್ತಿ ಇದಕ್ಕೇ ಬಂತು.

1943ರಿಂದ 1983ರವರೆಗೆ ಅವರು ಮಾಡಿದ್ದು 13 ಪೂರ್ಣ ಚಿತ್ರ ಅಷ್ಟೇ. ಮೊದಲ ಚಿತ್ರಗಳ ನಂತರ ವೃತ್ತಿನಟರನ್ನೇ ಬಿಟ್ಟರು. ಹೊಸಬರನ್ನು ತಂದು, ನಟಿಸದೆ ಸುಮ್ನೆ ಮಾತಾಡಿ ಅಂದರು. ಅಳು, ಅಬ್ಬರ ಇಲ್ಲ. ಕೈಗಳು, ಬಾಗಿಲು, ಹೆಜ್ಜೆ ಸದ್ದೇ ಜಾಸ್ತಿ ಕಥೆ ಹೇಳುತ್ತವೆ. ನನಗಂತೂ ಇಷ್ಟು ಬಿಗಿಯಾದ ಜೈಲಿನ ಚಿತ್ರ ಇನ್ನೊಂದಿಲ್ಲ.

ಸದ್ದು ಮುಖ್ಯ ಅಲ್ವಾ, ಮೊಬೈಲ್ ಪೂರ್ತಿ ಆಫ್ ಮಾಡಿ. 4:45ಕ್ಕೇ ಬನ್ನಿ. ಬರುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲೇ ಹೆಸರು ಹಾಕಿ; ನಾವು ಕುರ್ಚಿ ಹೊಂದಿಸಬೇಕು.