ಬೋರ್ಡು ಒಂದಾಯಿತು, ಇಸಿಜಿ ಯಾವಾಗ? ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರೇ,

ಹೃದ್ರೋಗ ಕ್ಲಿನಿಕ್ಕುಗಳನ್ನು ದೊಡ್ಡ ಆಸ್ಪತ್ರೆಗಳು ತಮ್ಮೊಳಗೆ ಸೇರಿಸಿಕೊಳ್ಳುವಾಗ ಏನೇನು ಆಗುತ್ತದೆಂಬುದು ತಮಗೆ ಗೊತ್ತೇ ಇದೆ. ಬೋರ್ಡು ಬದಲಾಗುತ್ತದೆ, ಬಿಲ್ಲಿಂಗ್ ರಾತ್ರೋರಾತ್ರಿ ಒಂದಾಗುತ್ತದೆ. ರೋಗಿಯ ಇಸಿಜಿ (ಹೃದಯದ ವಿದ್ಯುತ್ ಅಲೆಯ ದಾಖಲೆ), ಎಕೋ (ಹೃದಯದ ಅಲ್ಟ್ರಾಸೌಂಡ್) ಮಾತ್ರ ವರ್ಷಗಟ್ಟಲೆ ಕ್ಲಿನಿಕ್ಕಿನ ಹಳೆಯ ಕಂಪ್ಯೂಟರಿನಲ್ಲೇ ಕೊಳೆಯುತ್ತವೆ. ನಾವು ಕೇಳುವುದು ಇಷ್ಟೇ: ಆ ದಾಖಲೆ ತುರ್ತು ವಿಭಾಗದ ಪರದೆಯ ಮೇಲೆ ತೆರೆದುಕೊಳ್ಳುವವರೆಗೆ ವಿಲೀನ ಮುಗಿಯಿತೆಂಬ ಕಾಗದಕ್ಕೆ ಇಲಾಖೆ ಸಹಿ ಹಾಕಬಾರದು.

ಎದೆನೋವೆಂದು ಬಂದವರಿಗೆ 10 ನಿಮಿಷದೊಳಗೆ ಇಸಿಜಿ ತೆಗೆದು ಓದಬೇಕು. ರಕ್ತನಾಳ ಮುಚ್ಚಿದ್ದರೆ 90 ನಿಮಿಷದೊಳಗೆ ಬಲೂನಿನಿಂದ ತೆರೆಯಬೇಕು. ಆದರೆ ಇಸಿಜಿ ಅಲೆಯಲ್ಲಿ ಎಸ್‌ಟಿ ಎಂಬ ಭಾಗ ಮೇಲೆದ್ದಿದ್ದೆಲ್ಲ ಇವತ್ತಿನ ಹೃದಯಾಘಾತವಲ್ಲ. ಹಿಂದಿನ ಆಘಾತದಿಂದ ಹೃದಯದ ಗೋಡೆ ಉಬ್ಬಿಕೊಂಡಿದ್ದರೂ ಅದು ಹಾಗೆಯೇ ಕಾಣುತ್ತದೆ. ಪಕ್ಕದಲ್ಲಿ ಹಳೆಯ ಇಸಿಜಿ ಇಟ್ಟು ನೋಡಿದರೆ ತಿಳಿಯುತ್ತದೆ.

ವಿಲೀನವಾಗಿ ವರ್ಷ ಕಳೆದಿದ್ದ ಆಸ್ಪತ್ರೆಯೊಂದರಲ್ಲಿ ನಡೆದದ್ದು ಕೇಳಿ. ಎದೆನೋವೆಂದು ತುರ್ತು ವಿಭಾಗಕ್ಕೆ ಬಂದ ರೋಗಿಯ ಹಳೆಯ ಇಸಿಜಿ ಇದ್ದದ್ದು ಅದೇ ಕಟ್ಟಡದ ಮೂರನೇ ಮಹಡಿಯ ಕ್ಲಿನಿಕ್ಕಿನಲ್ಲಿ. ಕೆಳಗಿನ ಪರದೆಗೆ ಅದು ಬರುವುದಿಲ್ಲ. ರೋಗಿಯ ಮಗನನ್ನೇ ಮೇಲಕ್ಕೆ ಓಡಿಸಿ, ಮೊಬೈಲಿನಲ್ಲಿ ಫೋಟೋ ತೆಗೆಸಿ ತರಿಸಿದರು. ಹಳೆಯ ಇಸಿಜಿ ತೆಗೆದದ್ದು ಪ್ರತಿ ಮಿಲಿವೋಲ್ಟಿಗೆ 5 ಮಿಲಿಮೀಟರಿನ ಅಳತೆಯಲ್ಲಿ. ಹೊಸದು ಎಂದಿನಂತೆ 10ರಲ್ಲಿ. ಅಳತೆ ಬರೆದಿದ್ದ ಅಂಚು ಫೋಟೋದಲ್ಲಿ ಕತ್ತರಿಸಿಹೋಗಿತ್ತು. ಹಳೆಯ ಎಸ್‌ಟಿ ಏರಿಕೆ ಅರ್ಧಕ್ಕರ್ಧ ಚಿಕ್ಕದಾಗಿ ಕಂಡಿತು, ಇವತ್ತಿನದು ಹೊಸ ಏರಿಕೆ ಅಂದುಕೊಂಡರು. ಹೃದಯದ ರಕ್ತನಾಳ ಪರೀಕ್ಷಿಸುವ ಕ್ಯಾಥ್ ಲ್ಯಾಬ್‌ಗೆ ಒಯ್ದು ನೋಡಿದರೆ ಹೊಸ ಅಡ್ಡಿಯೇ ಇಲ್ಲ! ಮೊದಲೇ ಸೋತ ಮೂತ್ರಪಿಂಡಕ್ಕೆ ರಕ್ತನಾಳ ಎಕ್ಸ್‌ರೇಯಲ್ಲಿ ಕಾಣಲೆಂದು ಹಾಕುವ ಕಾಂಟ್ರಾಸ್ಟ್ ದ್ರವ ಬೇರೆ ಹೋಯಿತು. ಇದನ್ನು 'ಸಮಗ್ರ ಹೃದಯ ಆರೈಕೆ' ಎಂದು ಕರೆಯಲು ತಮ್ಮ ಇಲಾಖೆಯ ಅನುಮತಿ ಇದೆಯೆಂದು ಕಾಣುತ್ತದೆ.

'ಎಲ್ಲವನ್ನೂ ಪಿಡಿಎಫ್ ಮಾಡಿ ಹಾಕಿದ್ದೇವೆ' ಎನ್ನುತ್ತಾರೆ. ಪಿಡಿಎಫ್ ಬರೀ ಚಿತ್ರ. ಇಸಿಜಿಯ ಅಲೆ ಡೈಕಾಮ್ ಅಥವಾ ಎಚ್‌ಎಲ್‌7 ಎಂಬ ವೈದ್ಯಕೀಯ ದತ್ತಾಂಶ ಮಾನದಂಡಗಳ ರೂಪದಲ್ಲಿ, ಅಂಕಿಅಂಶವಾಗಿಯೇ ಬರಬೇಕು. ಆಗ ಎರಡನ್ನೂ ಒಂದೇ ಅಳತೆಗೆ ತಂದು ನೋಡಬಹುದು. ಎಕೋದ ವರದಿಯಷ್ಟೇ ಬಂದರೂ ಸಾಲದು, ಓಡುವ ಚಿತ್ರಗಳೂ ಬೇಕು. ಹೃದಯದ ಪಂಪಿಂಗ್ ಶೇಕಡಾ 45 ಎಂದು ಬರೆದದ್ದನ್ನು ಮತ್ತೊಮ್ಮೆ ಅಳೆಯಲು ಬೇರೆ ದಾರಿಯಿಲ್ಲ.

ಇದಕ್ಕಿಂತ ಅಪಾಯದ್ದು ರೋಗಿಯ ಸಂಖ್ಯೆ. ಕ್ಲಿನಿಕ್ಕಿನ 2041 ಒಬ್ಬರಾದರೆ ಆಸ್ಪತ್ರೆಯ 2041 ಇನ್ನೊಬ್ಬರು. ಸಂಖ್ಯೆಯ ಜೊತೆ ಅದನ್ನು ಕೊಟ್ಟವರು ಯಾರೆಂಬುದೂ ದಾಖಲಾಗದಿದ್ದರೆ ಒಬ್ಬರ ಸ್ಟೆಂಟ್ ಇನ್ನೊಬ್ಬರ ಕಡತಕ್ಕೆ ಹೋಗಿ ಕೂರುತ್ತದೆ. ಇಸಿಜಿ ಯಂತ್ರಕ್ಕೆ ವರ್ಕ್‌ಲಿಸ್ಟ್ (ಆಸ್ಪತ್ರೆಯ ವ್ಯವಸ್ಥೆಯಿಂದ ನೇರ ಬರುವ ರೋಗಿಗಳ ಪಟ್ಟಿ) ಜೋಡಿಸದೆ ಹೆಸರನ್ನು ಕೈಯಲ್ಲಿ ಟೈಪ್ ಮಾಡಿಸಿದರೂ ಇದೇ ಗತಿ. ಯಂತ್ರಗಳ ಗಡಿಯಾರ ಸರ್ವರಿಗೆ ಹೊಂದದಿದ್ದರೆ ಯಾವ ಇಸಿಜಿ ಮೊದಲು, ಯಾವುದು ಆಮೇಲೆ ಎಂಬುದೇ ತಿಳಿಯದು.

ಪೇಸ್‌ಮೇಕರ್ ವಿಷಯ ಯಾರಿಗೂ ನೆನಪೇ ಇರುವುದಿಲ್ಲ. ಮನೆಯಲ್ಲಿರುವ ರೋಗಿಯ ಸಾಧನ ಕಳಿಸುವ ಎಚ್ಚರಿಕೆ, ತಯಾರಕರ ಜಾಲದಲ್ಲಿ ನೋಂದಾಯಿಸಿದ ಕ್ಲಿನಿಕ್ಕಿನ ಖಾತೆಗೇ ಹೋಗುತ್ತದೆ. ಕ್ಲಿನಿಕ್ ಮುಚ್ಚಿ ಖಾತೆ ವರ್ಗಾಯಿಸದಿದ್ದರೆ ಬ್ಯಾಟರಿ ಮುಗಿಯುತ್ತಿದೆ ಎಂಬ ಸಂದೇಶವನ್ನು ಓದುವವರೇ ಇಲ್ಲ. ರೋಗಿಯಾದರೋ ತನ್ನನ್ನು ಯಾರೋ ನೋಡಿಕೊಳ್ಳುತ್ತಿದ್ದಾರೆಂದು ನಂಬಿರುತ್ತಾನೆ.

ಪರೀಕ್ಷಿಸುವುದು ಕಷ್ಟವೂ ಅಲ್ಲ, ಸ್ವಾಮಿ. ಕ್ಲಿನಿಕ್ಕಿನ 50 ರೋಗಿಗಳನ್ನು ಆರಿಸಿ: ಸ್ಟೆಂಟ್ ಹಾಕಿಸಿಕೊಂಡವರು, ಪೇಸ್‌ಮೇಕರ್ ಇರುವವರು, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ತಿನ್ನುವವರು, ಒಂದೇ ಹೆಸರಿನವರು ಎಲ್ಲರೂ ಅದರಲ್ಲಿರಲಿ. ರಾತ್ರಿ ಪಾಳಿಯ ನರ್ಸ್ ತುರ್ತು ವಿಭಾಗದ ಕಂಪ್ಯೂಟರಿನಲ್ಲಿ ಅವರ ಕಡತ ತೆರೆಯಲಿ. ಹಳೆಯ ಇಸಿಜಿ, ಎಕೋ ಚಿತ್ರ, ಸ್ಟೆಂಟಿನ ವಿಧ ಮತ್ತು ದಿನಾಂಕ, ಪೇಸ್‌ಮೇಕರ್ ಮತ್ತು ಅದರ ತಂತಿಗಳ ಮಾದರಿ, ಕೊನೆಯ ಐಎನ್‌ಆರ್ (ರಕ್ತ ಹೆಪ್ಪುಗಟ್ಟುವ ವೇಗದ ಪರೀಕ್ಷೆ) ಸಿಗಬೇಕು. ಒಬ್ಬರದು ತಪ್ಪಿದರೂ ಸಹಿ ಬೇಡ. ಮಾರಾಟಗಾರರ ಪ್ರದರ್ಶನ ನೋಡಿ ಸಹಿ ಹಾಕುವುದಂತೂ ಬೇಡವೇ ಬೇಡ.

ಮತ್ತೆ ಹೇಳುತ್ತೇವೆ: ತುರ್ತು ವಿಭಾಗದಲ್ಲಿ ತೆರೆಯದ ದಾಖಲೆ ಸೇರಿದ ದಾಖಲೆಯಲ್ಲ. ಮುಂದಿನ ವಿಲೀನದ ಕಡತ ತಮ್ಮ ಮೇಜಿಗೆ ಬಂದಾಗ ಆ 50 ಜನರ ಪರೀಕ್ಷೆಯ ಫಲಿತಾಂಶ ಲಗತ್ತಾಗಿದೆಯೇ ನೋಡಿ. ಇಲ್ಲದಿದ್ದರೆ ವಾಪಸ್ ಕಳಿಸಿ.

ಇತಿ,
ಹೃದ್ರೋಗ ವಿಭಾಗಗಳ ಕೆಲವು ವೈದ್ಯರು ಮತ್ತು ತಂತ್ರಜ್ಞರು